ಬೈಸಿಕಲ್ಲಿನ ಜೀರ್ಣೋದ್ಧಾರದಲ್ಲಿ ಸತ್ಯವಿಚಾರ

ಜೀರ್ಣವಾದುದನ್ನು ಉದ್ಧರಿಸುವುದು ಪುಣ್ಯಕಾರ್ಯವೆಂದು ಪೂರ್ವಕಾಲದಿಂದಲೂ ಎಣಿಸಲ್ಪಟ್ಟಿದೆ. ಕನ್ನಡನಾಡಿನ ಶಾಸನಗಳಲ್ಲಿ ದೇವಾಲಯದ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟ ದಾನಗಳು ಹೇರಳವಾಗಿ ದೊರೆಯುತ್ತವೆ. ಆದರೆ ಈ ಪುಣ್ಯಕಾರ್ಯದೊಳಗೆ ಒಂದು ತೊಡಕು ಅಡಗಿದೆ. ಉದ್ಧಾರವಾದ ಮೇಲೆ ಉಳಿದುದು ಹಳೆಯ ವಸ್ತುವೋ, ಹೊಸ ವಸ್ತುವೋ? ಹಳೆಯದೇ ಎಂದು ಹೇಳುವುದಾದರೆ ಯಾವ ಆಧಾರದಿಂದ? ಉದ್ಧಾರಕನು ಏನನ್ನು ಮಾಡಬಹುದು, ಏನನ್ನು ಮಾಡಕೂಡದು? ದೇವಾಲಯದ ವಿಷಯದಲ್ಲಿ ಭಕ್ತಿಯೂ ಶಾಸ್ತ್ರವೂ ಸೇರಿಕೊಳ್ಳುವುದರಿಂದ ಈ ಪ್ರಶ್ನೆಯು ಬರಿಯ ರೂಪದಲ್ಲಿ ಕಾಣುವುದಿಲ್ಲ. ಅದನ್ನು ಬರಿಯ ರೂಪದಲ್ಲಿ ನೋಡಬೇಕಾದರೆ ಸಾಮಾನ್ಯವಾದೊಂದು ಯಂತ್ರವನ್ನೇ ತೆಗೆದುಕೊಳ್ಳುವುದು ಮೇಲು. ಅಂತಹ ಯಂತ್ರಗಳಲ್ಲಿ ಹಳೆಯ ರೋಡ್ ಬೈಸಿಕಲ್ಲು ಒಂದು. ಏಕೆಂದರೆ ಅದರ ಅಂಗಗಳೆಲ್ಲವೂ ಬಿಚ್ಚತಕ್ಕವು. ಒಂದೊಂದಕ್ಕೂ ಬೇರೆ ಬೇರೆ ಕರ್ತೃವುಂಟು, ಬೇರೆ ಬೇರೆ ಜನ್ಮಸಂವತ್ಸರವುಂಟು.

ರೋಡ್ ಬೈಸಿಕಲ್ಲೆಂದರೆ ದೂರಪ್ರಯಾಣಕ್ಕೂ ಪಂದ್ಯಕ್ಕೂ ಒದಗುವಂತೆ ಹಗುರವಾಗಿ ಮಾಡಿದ ಸೈಕಲ್ಲು. ಎರಡು ಚಕ್ರಗಳೂ ಹೆಚ್ಚುಕಡಿಮೆ ಸಮವಾಗಿದ್ದು, ಹಿಂದಿನ ಚಕ್ರವು ಚೈನಿನಿಂದ ತಿರುಗುವ ಈ ರೂಪವು 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ತಯಾರಿಸಿದ ರೋವರ್ ಸೈಕಲ್ಲಿನಿಂದ ನೆಲೆಗೊಂಡಿತು. 1888ರಲ್ಲಿ ಡನ್ಲಪ್ಪನ ಗಾಳಿಯ ಟೈರು ಬಂದಿತು. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಎಂಬಾತನು, ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಉಕ್ಕಿನ ಕೊಳವೆಗೆ ಪೇಟೆಂಟ್ ಪಡೆದನು. ಅವನ ಹೆಸರಿನ ಕಾರ್ಖಾನೆಯು 1935ರಲ್ಲಿ 531 ಎಂಬ ಮಿಶ್ರಲೋಹದ ಕೊಳವೆಗಳನ್ನು ಹೊರತಂದಿತು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಇಂಗ್ಲೆಂಡಿನ ಸಣ್ಣಪುಟ್ಟ ಕಮ್ಮಟಗಳಲ್ಲಿ ಈ ಕೊಳವೆಗಳನ್ನು ಲಗ್ಗುಗಳೆಂಬ ಉಕ್ಕಿನ ಕೂಡುತೊಡಿಗೆಗಳಲ್ಲಿ ಸೇರಿಸಿ, ಹಿತ್ತಾಳೆಯ ಬೆಸುಗೆ ಹಾಕಿ ಫ್ರೇಮುಗಳನ್ನು ಕಟ್ಟುತ್ತಿದ್ದರು. ಕೊಳವೆ ಬರ್ಮಿಂಗ್‌ಹ್ಯಾಮಿನದು, ಲಗ್ಗು ಹಲವು ವೇಳೆ ಫ್ರಾನ್ಸಿನದು, ಗೇರು ಬದಲಿಸುವ ಸಾಧನವೂ ಹಬ್ಬುಗಳೂ ಇಟಲಿಯ ವಿಚೆಂಜಾ ಪಟ್ಟಣದ ಕಂಪಾಗ್ನೋಲೋ ಕಾರ್ಖಾನೆಯವು, ಚರ್ಮದ ಸೀಟು ಬ್ರೂಕ್ಸರದು. ಆದುದರಿಂದ ಇಂತಹ ಸೈಕಲ್ಲು ಹುಟ್ಟುವಾಗಲೇ ಒಂದು ಸಂಘಾತ. ಮಾಲೀಕನು ಅದನ್ನು ಓಡಿಸಿದಂತೆಲ್ಲ ಟೈರು ಸವೆಯುವುದು, ಚೈನು ಹಿಗ್ಗುವುದು, ರಿಮ್ಮು ಬಾಗುವುದು, ಒಂದೊಂದೂ ಬದಲಾಗುವುದು. ಅರುವತ್ತು ಎಪ್ಪತ್ತು ವರ್ಷಗಳ ಮೇಲೆ ಯಾರದೋ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ ಆ ಸೈಕಲ್ಲು ಉದ್ಧಾರಕನ ಕೈಗೆ ಬಂದಾಗ ಅವನು ಕೇಳುವ ಮೊದಲ ಪ್ರಶ್ನೆಯು, ಇದು ಯಾವುದು, ಎಂಬುದೇ.

ಈ ಪ್ರಶ್ನೆಗೆ ಉತ್ತರವನ್ನು ಪ್ರಮಾಣಗಳಿಂದಲೇ ಪಡೆಯಬೇಕು. ಮೊದಲನೆಯದು ಶಬ್ದ, ಎಂದರೆ ಫ್ರೇಮಿನ ಮೇಲೆ ಅಂಟಿಸಿದ ಹೆಸರೂ ಮಾರುವವನ ಮಾತೂ. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಇದೇ. ಎಲ್ಲಕ್ಕಿಂತ ದುರ್ಬಲವಾದುದೂ ಇದೇ. ಪ್ರಖ್ಯಾತ ಕಮ್ಮಟಗಳ ಹೆಸರಿನ ಪಟ್ಟಿಗಳನ್ನು ಇಂದು ಹೊಸದಾಗಿ ಅಚ್ಚುಹಾಕಿಸಿ ಮಾರುತ್ತಾರೆ. ಬೇಕಾದವರು ಬೇಕಾದ ಫ್ರೇಮಿಗೆ ಅಂಟಿಸಬಹುದು. ಎರಡನೆಯದು ಪ್ರತ್ಯಕ್ಷ. ಪೆಡಲಿನ ಅಚ್ಚು ಕೂಡುವ ಬಾಟಮ್ ಬ್ರ್ಯಾಕೆಟ್ಟಿನ ಅಡಿಯಲ್ಲಿಯೋ, ಹಿಂದಿನ ಚಕ್ರವನ್ನು ಕೂರಿಸುವ ಕವೆಯಲ್ಲಿಯೋ, ಸೀಟಿನ ಲಗ್ಗಿನಲ್ಲಿಯೋ ಒತ್ತಿದ ಸಂಖ್ಯೆಯು ಕಾಣುವುದು. ಸ್ಟರ್ಮಿ ಆರ್ಚರ್ ಹಬ್ಬಾಗಿದ್ದರೆ ಅದರ ಹೊರಕವಚದ ಮೇಲೆ ತಯಾರಾದ ವರ್ಷವೂ ಅನೇಕ ವೇಳೆ ತಿಂಗಳೂ ಒತ್ತಿರುವುದು. 1970ರ ದಶಕದ ಕಂಪಾಗ್ನೋಲೋ ಗೇರುಸಾಧನದ ಮೇಲೆ ಪೇಟೆಂಟ್ ಎಂಬ ಶಬ್ದದೊಡನೆ ವರ್ಷದ ಎರಡು ಅಂಕೆಗಳಿರುವುದುಂಟು.

ಮೂರನೆಯದು ಅನುಮಾನ. ಬಾಟಮ್ ಬ್ರ್ಯಾಕೆಟ್ಟಿನ ತಿರುಪನ್ನು ಅಳೆದರೆ ಫ್ರೇಮು ಯಾವ ದೇಶದ ಪದ್ಧತಿಯಂತೆ ಕಟ್ಟಲ್ಪಟ್ಟಿತೆಂಬುದು ಹೊರಬೀಳುವುದು. ಇಂಗ್ಲಿಷ್ ಪದ್ಧತಿಯಲ್ಲಿ ಅದರ ಅಳತೆ 1.370 ಅಂಗುಲ, ಅಂಗುಲಕ್ಕೆ 24 ಸುತ್ತು. ಬಲಗಡೆಯ ಬಟ್ಟಲು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು. ಇಟಲಿಯ ಪದ್ಧತಿಯಲ್ಲಿ 36 ಮಿಲಿಮೀಟರು. ಎರಡು ಕಡೆಯೂ ಬಲಕ್ಕೇ ಬಿಗಿಯಾಗುವುದು. ಫ್ರೆಂಚ್ ಪದ್ಧತಿಯಲ್ಲಿ 35 ಮಿಲಿಮೀಟರು. ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಾರ್ಖಾನೆಯು ಬಹುಕಾಲ ತನ್ನದೇ ಆದ, ಅಂಗುಲಕ್ಕೆ 26 ಸುತ್ತಿನ ತಿರುಪನ್ನು ಬಳಸಿತು. ಹಾಗೆಯೇ ಸೀಟಿನ ಕಂಬವು 27.2 ಮಿಲಿಮೀಟರಿನದು ಸಲೀಸಾಗಿ ಇಳಿಯುವುದಾದರೆ ಕೊಳವೆಯ ಗೋಡೆ ತೆಳುವಾದುದೆಂದೂ, ಫ್ರೇಮು ಒಳ್ಳೆಯ ದರ್ಜೆಯದೆಂದೂ ಊಹಿಸುವುದಕ್ಕೆ ಎಡೆಯುಂಟು. 531 ಎಂಬ ಪಟ್ಟಿಯಿದ್ದು, ಬಹಳ ಸಣ್ಣ ಕಂಬ ಮಾತ್ರವೇ ಇಳಿಯುವುದಾದರೆ ಪಟ್ಟಿಯ ಮಾತನ್ನು ಸಂಶಯಿಸತಕ್ಕುದು. ಬಣ್ಣವನ್ನು ಬಳಿದವನು ಸುಳ್ಳು ಹೇಳಬಹುದು. ತಿರುಪು ಸುಳ್ಳು ಹೇಳುವುದು ಅಪರೂಪ.

ಇಲ್ಲೊಂದು ಎಚ್ಚರಿಕೆ ಬೇಕು. ಹಬ್ಬಿನ ಮೇಲಿನ ವರ್ಷವು ಹಬ್ಬಿನ ವರ್ಷವೇ ಹೊರತು ಸೈಕಲ್ಲಿನ ವರ್ಷವಲ್ಲ. ಚಕ್ರವು ಬೇರೊಂದು ಸೈಕಲ್ಲಿನಿಂದ ಬಂದಿರಬಹುದು. ಫ್ರೇಮಿನ ಸಂಖ್ಯೆಯೂ ತಾನಾಗಿ ಮಾತನಾಡದು. ಕಟ್ಟಿದವನ ದಾಖಲೆಪುಸ್ತಕವು ಉಳಿದಿದ್ದರೆ ಮಾತ್ರ ಅದಕ್ಕೆ ಬಾಯಿ ಬರುವುದು. ಇಂಗ್ಲೆಂಡಿನಲ್ಲಿ 1955ರಲ್ಲಿ ಸ್ಥಾಪಿತವಾದ ವೆಟರನ್ ಸೈಕಲ್ ಕ್ಲಬ್ಬಿನವರು ಇಂತಹ ದಾಖಲೆಗಳನ್ನೂ ಹಳೆಯ ಕ್ಯಾಟಲಾಗುಗಳನ್ನೂ ಕೂಡಿಹಾಕಿ ಕಾಲನಿರ್ಣಯಕ್ಕೆ ಸಹಾಯಮಾಡುತ್ತ ಬಂದಿರುವುದು ಈ ಕಾರಣದಿಂದಲೇ. ಒಂದು ಸಾಕ್ಷಿಯಿಂದ ನಿರ್ಣಯವಾಗದು. ಹಲವು ಸಾಕ್ಷಿಗಳು ಒಂದನ್ನೊಂದು ಕೇಳಿಕೊಳ್ಳದೆ ಒಂದೇ ಮಾತನ್ನು ಹೇಳಿದಾಗ ಮಾತ್ರ ನಿರ್ಣಯವಾಗುವುದು.

ಇಷ್ಟಾದ ಮೇಲೆ ಫ್ರೇಮು 1950ರ ದಶಕದ್ದು, ಹಿಂದಿನ ಚಕ್ರ ಅದಕ್ಕೆ ಇಪ್ಪತ್ತು ವರ್ಷ ಕಿರಿದು, ಹ್ಯಾಂಡಲು ಇನ್ನೂ ಈಚಿನದು, ಬಣ್ಣ ಎರಡನೆಯ ಸಲದ್ದು, ಎಂದು ಗೊತ್ತಾಯಿತೆನ್ನೋಣ. ಹಾಗಾದರೆ 1950ರ ದಶಕದಲ್ಲಿ ಅಂಗಡಿಯಿಂದ ಹೊರಟ ಸೈಕಲ್ಲು ಇದೇಯೇ? ಮಿಲಿಂದರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಪ್ರಸಿದ್ಧವಾದ ಸಂವಾದದಲ್ಲಿ ಈ ಪ್ರಶ್ನೆಯು ರಥದ ದೃಷ್ಟಾಂತದಿಂದ ಬರುತ್ತದೆ. ಗಾಲಿಯು ರಥವಲ್ಲ, ಅಚ್ಚು ರಥವಲ್ಲ, ನೊಗವು ರಥವಲ್ಲ. ಇವುಗಳಿಗಿಂತ ಬೇರೆಯಾಗಿಯೂ ರಥವೊಂದಿಲ್ಲ. ಇವು ಕೂಡಿರುವಲ್ಲಿ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥವೆಂದು ನಾಗಸೇನನ ಪಕ್ಷ. ನ್ಯಾಯವೈಶೇಷಿಕರು ಇದಕ್ಕೆ ವಿರುದ್ಧವಾಗಿ, ಅವಯವಗಳಿಗಿಂತ ಬೇರೆಯಾದ ಅವಯವಿಯೊಂದುಂಟೆಂದು ಸಾಧಿಸುತ್ತಾರೆ. ಆದರೆ ಅವರ ಮತದಲ್ಲಿಯೂ ವಸ್ತ್ರದಿಂದ ಕೆಲವು ನೂಲುಗಳು ಹೋದರೆ ಮೊದಲಿನ ವಸ್ತ್ರವು ನಾಶವಾಗಿ ಖಂಡಪಟವೆಂಬ ಹೊಸ ಅವಯವಿಯೇ ಹುಟ್ಟುವುದು. ಅದೇ ಇದು ಎಂಬ ಪ್ರತ್ಯಭಿಜ್ಞೆಯು ಅಂತಹಲ್ಲಿ ಸಜಾತೀಯವೆಂಬಷ್ಟಕ್ಕೆ ಹೊಂದುವುದು, ದೀಪದ ಉರಿಯನ್ನು ಕಂಡು ಅದೇ ಉರಿಯೆನ್ನುವಂತೆ. ಗ್ರೀಸಿನ ಪ್ಲೂಟಾರ್ಕನು, ಅಥೆನ್ಸಿನವರು ಥೀಸಿಯಸ್ಸನ ನಾವೆಯ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಕಾಪಾಡಿದರೆಂದೂ, ಅದೇ ನಾವೆಯೋ ಬೇರೆಯೋ ಎಂದು ತತ್ತ್ವಜ್ಞರು ವಾದಿಸುತ್ತಿದ್ದರೆಂದೂ ಬರೆದಿದ್ದಾನೆ. ಇಂಗ್ಲೆಂಡಿನ ಹಾಬ್ಸನು 1655ರಲ್ಲಿ ಇದಕ್ಕೆ ಮತ್ತೊಂದು ಗಂಟು ಹಾಕಿದನು: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ, ಎರಡು ನಾವೆಗಳಲ್ಲಿ ಯಾವುದು ಥೀಸಿಯಸ್ಸನದು?

ಹಳೆಯ ಸೈಕಲ್ಲುಗಳ ಲೋಕದಲ್ಲಿ ಹಾಬ್ಸನ ಗಂಟು ಬರಿಯ ಕಲ್ಪನೆಯಲ್ಲ, ದಿನನಿತ್ಯದ ಸಂಗತಿ. ಒಬ್ಬನು ಹತ್ತಾರು ಕಡೆಗಳಿಂದ ಆಯಾ ಕಾಲದ ಹಬ್ಬು, ಬ್ರೇಕು, ಕ್ರ್ಯಾಂಕುಗಳನ್ನು ಕೊಂಡುತಂದು, ಕ್ಯಾಟಲಾಗಿನ ಚಿತ್ರದಲ್ಲಿರುವಂತೆಯೇ ಒಂದು ಸೈಕಲ್ಲನ್ನು ನಿಲ್ಲಿಸುತ್ತಾನೆ. ಅದರಲ್ಲಿ ಕಾಲಕ್ಕೆ ಹೊಂದದ ಒಂದು ತಿರುಪೂ ಇಲ್ಲ; ಆದರೆ ಆ ಅಂಗಗಳು ಹಿಂದೆಂದೂ ಒಟ್ಟಿಗೆ ಒಂದು ಮೈಲಿಯನ್ನೂ ಓಡಿದವಲ್ಲ. ಮತ್ತೊಬ್ಬನಲ್ಲಿ ಅರ್ಧಕ್ಕರ್ಧ ಬದಲಾದ ಸೈಕಲ್ಲುಂಟು. ಆದರೆ ಒಬ್ಬನೇ ಮಾಲೀಕನ ಕೈಯಲ್ಲಿ ಅದು ಒಂದು ದಿನವೂ ತಪ್ಪದೆ ಓಡಿತು. ಇವೆರಡರಲ್ಲಿ ನಿಜವಾದುದು ಯಾವುದು?

ಫ್ರೇಮೇ ಸೈಕಲ್ಲು, ಉಳಿದುದೆಲ್ಲ ಉಡುಗೆ ಎಂಬುದು ಸೈಕಲ್ಲಿಗರ ಸಾಮಾನ್ಯ ಸಮಾಧಾನ. ವ್ಯವಹಾರಕ್ಕೆ ಇದು ಸಾಕು. ಟೈರು ಬದಲಾದೊಡನೆ ಬೇರೆ ಸೈಕಲ್ಲಾಗುವುದೆಂದರೆ, ಕದ್ದವನು ಟೈರುಗಳನ್ನು ಬದಲಿಸಿ, ನೀವು ಕಳೆದುಕೊಂಡುದು ಇದಲ್ಲ ಎಂದು ನ್ಯಾಯಸ್ಥಾನದಲ್ಲಿ ವಾದಿಸಿ ಪಾರಾಗಬಹುದಾಗಿತ್ತು. ಆದರೆ ಈ ಸಮಾಧಾನವೂ ಕೊನೆಯವರೆಗೆ ನಿಲ್ಲದು. ಬೆಸುಗೆಯನ್ನು ಕರಗಿಸಿ, ಬಾಗಿದ ಕೊಳವೆಯನ್ನು ಬಿಡಿಸಿ ಹೊಸ ಕೊಳವೆಯನ್ನು ಕೂರಿಸುವ ಕುಶಲರಿದ್ದಾರೆ. ಒಂದು ಕೊಳವೆ ಬದಲಾದರೆ ಅದೇ ಫ್ರೇಮು, ಎರಡು ಬದಲಾದರೆ? ಮೂರು? ಸಂಖ್ಯೆಯನ್ನು ಒತ್ತಿದ ತುಂಡೊಂದೇ ಉಳಿದರೆ? ಇಂತು ವಸ್ತುವನ್ನು ಹಿಡಿದು ಹೋದವನಿಗೆ ಎಲ್ಲಿಯೂ ನೆಲೆ ಸಿಕ್ಕದು. ಅದೇ ಇದು ಎಂಬ ಮಾತಿಗೆ ಆಧಾರವು ಉಕ್ಕಿನಲ್ಲಿಲ್ಲ, ಕಡಿಯದೆ ಬಂದ ಚರಿತ್ರೆಯಲ್ಲಿದೆ. ಇಂತಹ ವರ್ಷದಲ್ಲಿ ಇಂತಹವನು ಕಟ್ಟಿದನು, ಇಂತಹವನು ಓಡಿಸಿದನು, ಇಂತಹ ಕಾರಣದಿಂದ ಇದನ್ನು ಬದಲಿಸಿದನು, ಎಂಬ ಸರಪಳಿಯು ಅವಿಚ್ಛಿನ್ನವಾಗಿರುವ ತನಕ ಅದು ಅದೇ ಸೈಕಲ್ಲು. ಸರಪಳಿ ಕಡಿದರೆ, ಎಲ್ಲ ಅಂಗಗಳೂ ಹಳೆಯವಾಗಿದ್ದರೂ, ಅದು ಹಳೆಯ ಅಂಗಗಳುಳ್ಳ ಹೊಸ ಸೈಕಲ್ಲು. ಹೊಸ ಸೈಕಲ್ಲೆನ್ನುವುದು ನಿಂದೆಯಲ್ಲ. ಆದರೆ ಅದನ್ನು ಹಾಗೆಂದೇ ಹೇಳಬೇಕು.

ಇಲ್ಲಿಗೆ ತತ್ತ್ವದ ಪ್ರಶ್ನೆಯು ಧರ್ಮದ ಪ್ರಶ್ನೆಯಾಗಿ ಮಾರ್ಪಡುತ್ತದೆ. ಏಕತ್ವವು ಸಾಕ್ಷ್ಯದಲ್ಲಿರುವುದಾದರೆ ಉದ್ಧಾರಕನು ಸಾಕ್ಷಿಯನ್ನು ಕಾಯುವವನು. ಅವನು ಸಾಕ್ಷಿಯ ಬಾಯಿಯನ್ನು ಕಟ್ಟಲೂಬಹುದು, ಅದರ ಬಾಯಲ್ಲಿ ತನ್ನ ಮಾತನ್ನು ಇಡಲೂಬಹುದು. ಎರಡೂ ಪಾಪವೇ. ಹೆಸರು ಅಳಿದುಹೋದ ಒಂದು ಒಳ್ಳೆಯ ಫ್ರೇಮಿಗೆ ಪ್ರಖ್ಯಾತನೊಬ್ಬನ ಹೆಸರಿನ ಪಟ್ಟಿಯನ್ನು ಅಂಟಿಸುವುದು ಈ ಲೋಕದಲ್ಲಿ ಅಪರೂಪವಲ್ಲ. ಹಾಗೆ ಮಾಡಿದವನು ಕೊಳ್ಳುವವನನ್ನು ವಂಚಿಸಿದನೆಂದು ಎಲ್ಲರೂ ಹೇಳುತ್ತಾರೆ. ಮಾರದೆ ಮನೆಯಲ್ಲಿಯೇ ಇಟ್ಟುಕೊಂಡರೆ ವಂಚನೆಯಿಲ್ಲವಲ್ಲ, ಎಂದು ಅವನು ಕೇಳಬಹುದು. ವಂಚನೆಯುಂಟು. ಆ ಲಗ್ಗುಗಳ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ತೆಳುಮಾಡಿದವನು, ಬೆಸುಗೆಯನ್ನು ಒಂದು ಹನಿಯೂ ಹೊರಚೆಲ್ಲದಂತೆ ಹರಿಯಿಸಿದವನು ಯಾವನೋ ಒಬ್ಬ ಕೆಲಸಗಾರ. ಅವನ ಹೆಸರು ಉಳಿಯಲಿಲ್ಲ. ಅವನ ಕೆಲಸವೊಂದೇ ಉಳಿಯಿತು. ಸುಳ್ಳು ಪಟ್ಟಿಯು ಆ ಕೆಲಸವನ್ನೂ ಅವನಿಂದ ಕಿತ್ತು, ಹೆಸರಿಗೆ ಏನೂ ಕೊರತೆಯಿಲ್ಲದವನಿಗೆ ಕೊಡುತ್ತದೆ. ಸತ್ತವನು ಮೊಕದ್ದಮೆ ಹೂಡಲಾರನೆಂಬುದರಿಂದ ಇದು ಕಳವಲ್ಲವೆಂದಾಗದು.

ತಾಳೆಗರಿಯ ಗ್ರಂಥಭಂಡಾರಗಳ ಪಟ್ಟಿಗಳಲ್ಲಿ ಕರ್ತೃವಿನ ಹೆಸರು ತಿಳಿಯದ ಕೃತಿಯ ಎದುರಿಗೆ ಅಜ್ಞಾತಕರ್ತೃಕವೆಂದು ಬರೆಯುತ್ತಾರೆ. ಕಾಳಿದಾಸನದೆಂದು ಬರೆದರೆ ಗ್ರಂಥಕ್ಕೆ ಮರ್ಯಾದೆ ಹೆಚ್ಚಬಹುದು. ಆದರೂ ಹಾಗೆ ಬರೆಯುವುದಿಲ್ಲ. ಹಳೆಯ ಸೈಕಲ್ಲಿನ ಉದ್ಧಾರಕನೂ ಕಲಿಯಬೇಕಾದ ಮೊದಲ ಶಬ್ದವಿದು. ಇಂಗ್ಲಿಷ್ ಫ್ರೇಮು, 1950ರ ದಶಕದ ಸುಮಾರು, ಕಟ್ಟಿದವನು ಅಜ್ಞಾತ: ಇಷ್ಟು ಹೇಳಿ ನಿಲ್ಲಿಸುವುದರಲ್ಲಿ ಸತ್ಯವೂ ಉಂಟು, ಗೌರವವೂ ಉಂಟು.

ಪುಣೆಯ ಭಂಡಾರಕರ್ ಸಂಸ್ಥೆಯವರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ, ನಿಶ್ಚಯವಿಲ್ಲದ ಪಾಠಗಳ ಕೆಳಗೆ ಅಲೆಯಂತಹ ಗೆರೆಯನ್ನು ಎಳೆದಿದ್ದಾರೆ. ಪರಿಷ್ಕರಣಕಾರನು ತನ್ನ ಸಂದೇಹವನ್ನು ಮರೆಮಾಡದೆ ಓದುವವನ ಕಣ್ಣಿಗೆ ಕಾಣಿಸಿದನು. 1964ರಲ್ಲಿ ವೆನಿಸ್ ನಗರದಲ್ಲಿ ಸ್ಮಾರಕಗಳ ಸಂರಕ್ಷಣೆಗಾಗಿ ಒಪ್ಪಿತವಾದ ನಿಬಂಧನೆಯೂ ಇದೇ ದಾರಿಯದು: ಊಹೆಯು ಮೊದಲಾಗುವ ಎಡೆಯಲ್ಲಿ ಉದ್ಧಾರವು ನಿಲ್ಲತಕ್ಕುದು, ಹೊಸದಾಗಿ ಸೇರಿಸಿದುದು ಹಳೆಯದರೊಡನೆ ಹೊಂದಬೇಕಾದರೂ ಹೊಸದೆಂದು ಗುರುತು ಸಿಕ್ಕಬೇಕು. ಗ್ರಂಥಕ್ಕೂ ಕಟ್ಟಡಕ್ಕೂ ಸಲ್ಲುವ ಈ ನಿಯಮವು ಸೈಕಲ್ಲಿಗೂ ಸಲ್ಲುವುದು. ಬಣ್ಣವನ್ನೇ ನೋಡಿರಿ. ಹಳೆಯ ಬಣ್ಣವು ಅಲ್ಲಲ್ಲಿ ಹೋಗಿರುವುದರಿಂದ ಪೂರ್ತಿ ಕೆರೆಸಿ ಹೊಸದಾಗಿ ಬಳಿಯಿಸುವ ಆಸೆ ಸಹಜ. ಆದರೆ ಬಣ್ಣವನ್ನು ಒಂದು ಸಲ ಕೆರೆದರೆ ಅದರ ಕೆಳಗಿದ್ದ ಅಕ್ಷರಗಳ ನೆರಳೂ, ಗೆರೆಗಳ ಜಾಡೂ ಎಂದೆಂದಿಗೂ ಹೋದಂತೆಯೇ. ಮರಳನ್ನು ಬಿರುಸಾಗಿ ಹಾಯಿಸಿ ಕೆರೆದರೆ ಕೊಳವೆಗೂ ಕೇಡು. ಒಳ್ಳೆಯ ಕೊಳವೆಯ ಗೋಡೆಯು ನಡುವೆ ಸಾಮಾನ್ಯವಾಗಿ 0.6 ಮಿಲಿಮೀಟರಿನಷ್ಟು ಮಾತ್ರ ದಪ್ಪವಿರುವುದು. ತುಕ್ಕನ್ನು ಮೆಲ್ಲಗೆ ಬಿಡಿಸಿ, ಉಳಿದ ಬಣ್ಣವನ್ನು ಮೇಣದಿಂದ ಕಾಪಾಡುವುದು ಸಾಧ್ಯವಿರುವಲ್ಲಿ ಅದನ್ನೇ ಮಾಡಬೇಕು. ಉಕ್ಕಿನ ಕೊಳವೆಯಲ್ಲಿ ಹಿಡಿದುಕೊಂಡ ಅಲ್ಯೂಮಿನಿಯಮ್ ಸೀಟುಕಂಬಕ್ಕೆ ದಿನಗಟ್ಟಲೆ ಎಣ್ಣೆಯೂಡಿ ಕಾಯುವವನಿಗೂ, ಒಂದೇ ಏಟಿಗೆ ತಿರುಚಿ ಫ್ರೇಮನ್ನು ಒಡೆಯುವವನಿಗೂ ಅಂತರವು ಬರಿಯ ಕೈಚಳಕದ್ದಲ್ಲ, ಶೀಲದ್ದು.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಸೈಕಲ್ಲು ಶಾಸನದ ಕಲ್ಲಲ್ಲ. ಅದು ಓಡುವುದಕ್ಕಾಗಿ ಹುಟ್ಟಿದುದು. ಓಡದ ಸೈಕಲ್ಲಿನ ಸಾಕ್ಷ್ಯವನ್ನು ಕಾದು ಫಲವೇನು? ಸವೆದ ಬ್ರೇಕಿನ ರಬ್ಬರು, ತುಕ್ಕು ಹಿಡಿದ ತಂತಿ, ಬಿರುಕುಬಿಟ್ಟ ಟೈರು ಇವುಗಳನ್ನು ಹಳೆಯವೆಂದು ಉಳಿಸಿದರೆ ಇಳಿಜಾರಿನಲ್ಲಿ ಸವಾರನ ಪ್ರಾಣಕ್ಕೆ ಸಂಚಕಾರ. ಆಕ್ಷೇಪವು ಸರಿಯಾದುದೇ. ಬದುಕಿರುವವನ ಪ್ರಾಣವು ಸತ್ತವನ ಸಾಕ್ಷ್ಯಕ್ಕಿಂತ ದೊಡ್ಡದು. ಕೂದಲೆಳೆಯಷ್ಟು ಬಿರುಕು ಬಿಟ್ಟ ಅಲ್ಯೂಮಿನಿಯಮ್ ಹ್ಯಾಂಡಲನ್ನು ಎಷ್ಟೇ ಅಪರೂಪದ್ದಾದರೂ ಮತ್ತೆ ಹತ್ತಬಾರದು. ಇಟಲಿಯ ಟಸ್ಕನಿಯಲ್ಲಿ, ಗಾಯೋಲೆ ಎಂಬ ಊರಿನಲ್ಲಿ 1997ರಿಂದ ನಡೆದುಬಂದಿರುವ ಎರೋಯಿಕಾ ಯಾತ್ರೆಯಲ್ಲಿ ಹಳೆಯ ಕಾಲದ ಸೈಕಲ್ಲುಗಳನ್ನೇ ಹತ್ತಿ, ಬಿಳಿಯ ಮಣ್ಣಿನ ರಸ್ತೆಗಳಲ್ಲಿ ಜನರು ಓಡಿಸುತ್ತಾರೆ. ಅಲ್ಲಿ ಗೇರಿನ ಸನ್ನೆಯು ಫ್ರೇಮಿನ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿಯು ಹ್ಯಾಂಡಲಿನ ಹೊರಗೆ ಹಾಯ್ದಿರಬೇಕು ಎಂಬ ನಿಯಮಗಳಿವೆ. ಸವೆದ ಟೈರಿನಲ್ಲಿಯೇ ಓಡಿಸಬೇಕೆಂಬ ನಿಯಮವಿಲ್ಲ. ಇದರಿಂದ ಒಂದು ವಿಭಾಗವು ತಾನಾಗಿ ಹೊಳೆಯುವುದು. ಸವೆಯುವುದಕ್ಕಾಗಿಯೇ ಹುಟ್ಟಿದುವು ಕೆಲವು. ನೆನಪಿಡುವುದಕ್ಕೆ ಸಮರ್ಥವಾದುವು ಕೆಲವು. ಟೈರು, ರಬ್ಬರು, ತಂತಿ, ಚೈನು ಮೊದಲನೆಯವು. ಅವನ್ನು ಬದಲಿಸುವುದರಿಂದ ಚರಿತ್ರೆಯು ಕಡಿಯುವುದಿಲ್ಲ, ಮುಂದುವರಿಯುವುದು. ಫ್ರೇಮು, ಬಣ್ಣ, ಒತ್ತಿದ ಅಂಕೆ, ಕೆಲಸಗಾರನ ಕೈಗುರುತು ಎರಡನೆಯವು. ಅವನ್ನು ಮುಟ್ಟುವ ಮುಂಚೆ ಮೂರು ಸಲ ಯೋಚಿಸಬೇಕು. ತೆಗೆದ ಅಂಗವನ್ನು ಎಸೆಯದೆ, ತೆಗೆದ ದಿನವನ್ನೂ ಕಾರಣವನ್ನೂ ಬರೆದ ಚೀಟಿಯೊಡನೆ ಕಟ್ಟಿಡಬೇಕು.

ಎಲ್ಲಕ್ಕಿಂತ ಕಠಿನವಾದ ಸಂದರ್ಭ ಮತ್ತೊಂದುಂಟು. ತಂದೆಯ ಸೈಕಲ್ಲು ಮಗನ ಪಾಲಿಗೆ ಬರುತ್ತದೆ. ಅದು ಅಂಗಡಿಯಿಂದ ಬಂದಾಗ 27 ಅಂಗುಲದ ಚಕ್ರಗಳನ್ನು ಹೊಂದಿತ್ತು. ಮುಂದೆ ಆ ಅಳತೆಯ ಒಳ್ಳೆಯ ಟೈರು ಸಿಕ್ಕುವುದು ಕಷ್ಟವಾದಾಗ ತಂದೆಯು 700 ಸಿ ಎಂಬ ಅಳತೆಯ ಚಕ್ರಗಳನ್ನು ಹಾಕಿಸಿದನು. ಅವುಗಳಲ್ಲಿ ಟೈರು ಕೂರುವ ವ್ಯಾಸವು 630 ಮಿಲಿಮೀಟರಿಗೆ ಬದಲಾಗಿ 622 ಆದುದರಿಂದ, ಬ್ರೇಕಿನ ರಬ್ಬರು ರಿಮ್ಮಿಗೆ ಮುಟ್ಟಲೆಂದು ನಾಲ್ಕು ಮಿಲಿಮೀಟರು ಕೆಳಕ್ಕೆ ಇಳಿಸಿ, ಅದಕ್ಕಾಗಿ ತೂತನ್ನು ಅರದಿಂದ ತಾನೇ ಉದ್ದಮಾಡಿದನು. ಮಗನು ಈಗ ಕ್ಯಾಟಲಾಗನ್ನು ತೆರೆದು, ಅಂಗಡಿಯಿಂದ ಬಂದಂತೆಯೇ ಮಾಡಬೇಕೆಂದು ಹೊರಡುತ್ತಾನೆ. ಹಾಗೆ ಮಾಡಿದರೆ ಸೈಕಲ್ಲು ಯಾವ ವರ್ಷಕ್ಕೆ ಹಿಂದಿರುಗಿದಂತಾಯಿತು? ತಂದೆಯು ಅದನ್ನು ಕೊಂಡ ದಿನಕ್ಕೆ. ಎಂದರೆ, ಅದು ಇನ್ನೂ ಅವನದಾಗದಿದ್ದ ಗಳಿಗೆಗೆ. ಅರದ ಆ ಒರಟು ಗುರುತು ಕಾರ್ಖಾನೆಯ ದೃಷ್ಟಿಯಿಂದ ದೋಷ. ಮಗನ ದೃಷ್ಟಿಯಿಂದ ತಂದೆಯು ಬರೆದಿಟ್ಟ ಒಂದು ಸಾಲು. ಅದನ್ನು ಅಳಿಸುವ ಅಧಿಕಾರ ಮಗನಿಗಿಲ್ಲವೆಂದಲ್ಲ; ಸೈಕಲ್ಲು ಅವನದು. ಆದರೆ ಅಳಿಸಿ, ಮೂಲರೂಪಕ್ಕೆ ತಂದೆನೆಂದು ಹೇಳಿಕೊಳ್ಳುವುದು ಸಲ್ಲದು. ಮೂಲವೆಂಬುದು ಒಂದು ದಿನದ ಹೆಸರಲ್ಲ. ಆ ದಿನದಿಂದ ಇಂದಿನವರೆಗೆ ಹರಿದುಬಂದುದರ ಹೆಸರು.

ಆದುದರಿಂದ ಹಳೆಯ ಸೈಕಲ್ಲನ್ನು ಕೈಗೆತ್ತಿಕೊಂಡವನು ತಿರುಪುಳಿಯನ್ನು ಹಿಡಿಯುವುದಕ್ಕೆ ಮೊದಲು ಲೇಖನಿಯನ್ನು ಹಿಡಿಯಬೇಕು. ಕಂಡ ಅಂಕೆಗಳನ್ನೂ, ಅಳತೆಗಳನ್ನೂ, ಬಣ್ಣದ ಪದರಗಳನ್ನೂ, ಒಂದೊಂದು ಅಂಗದ ಸ್ಥಿತಿಯನ್ನೂ ಮೊದಲು ಬರೆದಿಡಬೇಕು. ತಿಳಿದುದನ್ನು ತಿಳಿದುದೆಂದೂ, ಊಹಿಸಿದುದನ್ನು ಊಹೆಯೆಂದೂ, ತಾನು ಮಾಡಿದುದನ್ನು ತಾನು ಮಾಡಿದೆನೆಂದೂ ಬರೆಯಬೇಕು. ಆ ಕಾಗದವನ್ನು ಮಡಿಸಿ ಸೀಟುಕೊಳವೆಯೊಳಗೆ ಇಡುವಷ್ಟು ಜಾಗ ಎಲ್ಲ ಸೈಕಲ್ಲಿನಲ್ಲಿಯೂ ಉಂಟು. ಮುಂದೆ ಅದನ್ನು ಬಿಚ್ಚುವವನು ಇವನನ್ನು ಅರಿಯನು, ಇವನ ಹೆಸರೂ ಅವನಿಗೆ ಬೇಕಾಗದು. ಆದರೆ ಅವನಿಗೆ ಮೋಸವಾಗದು. ಹೆಸರಿಲ್ಲದೆ ಬೆಸುಗೆ ಹಾಕಿದವನಿಗೂ, ಮುಖ ಕಾಣದೆ ಮುಂದೆ ಬರುವವನಿಗೂ ನಡುವೆ ನಿಂತವನು ಮಾಡಬಹುದಾದ ಸೇವೆಯು ಇಷ್ಟೇ. ಇಷ್ಟು ಮಾಡಿದರೆ ಜೀರ್ಣೋದ್ಧಾರವೆಂಬ ಶಬ್ದವು ಸಾರ್ಥಕವಾಗುವುದು.